ಇದ್ದಿಲು ಬಸ್ಸಿನಲ್ಲಿ ತವರಿನ ಸೀರೆ

ಹೊಳೆನರಸೀಪುರದ ಈಶ್ವರಯ್ಯ ಬೆಳಗಿನ ಕಾಫಿ ಲೋಟವನ್ನು ಇನ್ನೂ ಬಾಯಿಗೆ ತಂದಿರಲಿಲ್ಲ, ಬಾಗೂರಿನ ರುದ್ರಯ್ಯ ಸೈಕಲ್ಲನ್ನು ಜಗಲಿಗೆ ಒರಗಿಸಿ ತಲೆವಸ್ತ್ರ ಬಿಚ್ಚಿಕೊಂಡು ಮುಂದೆ ನಿಂತ. ರಾತ್ರಿಯೆಲ್ಲ ತುಳಿದುಕೊಂಡು ಬಂದವನ ಮುಖ ನೋಡಿದ ಮೇಲೆ ಸುದ್ದಿ ಏನೆಂದು ಕೇಳಬೇಕಾಗಿಯೇ ಇರಲಿಲ್ಲ.

“ಬಸವಲಿಂಗಕ್ಕ ಓಗ್ಬುಟ್ರು ಕಣಣ್ಣ. ನೆನ್ನೆ ದೀಪ ಅಚ್ಚೋ ವತ್ನಲ್ಲಿ. ಇವತ್ತೇ ಮಣ್ಣು. ನಾನು ಅರಕಲಗೂಡಿಗೂ ಓಗಿ ನೆಂಟ್ರಿಗೆ ಯೋಳ್ಬೇಕು. ನೀವು ಬೇಗ ಒರ್ಡಿ,” ಎಂದ ರುದ್ರಯ್ಯ. ಆರುತ್ತಿದ್ದ ಕಾಫಿಯನ್ನು ತಾನೇ ಕುಡಿದು ಮತ್ತೆ ಸೈಕಲ್ಲು ಹತ್ತಿದ.

ಈಶ್ವರಯ್ಯ ಜಗಲಿಯ ಮೇಲೇ ಕುಸಿದು ಕೂತ. ಹೆತ್ತ ತಾಯಿಯ ಮುಖ ಅವನಿಗೆ ನೆನಪಿರಲಿಲ್ಲ. ತಾಯಿ ಎಂದರೆ ಕಣ್ಣ ಮುಂದೆ ಬರುತ್ತಿದ್ದುದು ಅಕ್ಕ ಬಸವಲಿಂಗಮ್ಮನ ಮುಖವೇ. ಅವನನ್ನು ಸೊಂಟದ ಮೇಲೆ ಹೊತ್ತು, ತನ್ನ ಪಾಲಿನ ರೊಟ್ಟಿಯನ್ನು ಅವನ ಬಾಯಿಗಿಟ್ಟು ಸಾಕಿದವಳು ಅವಳು. ಆ ಮುಖದ ಮೇಲೆ ಮಣ್ಣು ಬೀಳುವ ಮುಂಚೆ ಒಂದು ಸಲ ನೋಡಬೇಕು. ಅವತ್ತು ಅವನಿಗೆ ಬೇಕಾಗಿದ್ದುದು ಅಷ್ಟೇ.

ಆದರೆ ಕೈಬೀಸಿಕೊಂಡು ಹೋಗುವ ಹಾಗಿರಲಿಲ್ಲ. ನಮ್ಮ ಕಡೆ ಮುತ್ತೈದೆ ಸತ್ತರೆ ತವರಿನ ಸೀರೆ ಬಂದು ಮೈಮೇಲೆ ಬೀಳಬೇಕು. ಅದು ಬರುವವರೆಗೂ ಹೆಣ ಎತ್ತುವುದಿಲ್ಲ. ಬಸವಲಿಂಗಮ್ಮನಿಗೆ ತವರು ಅಂತ ಉಳಿದಿದ್ದವನು ಈಶ್ವರಯ್ಯ ಒಬ್ಬನೇ. ಈ ಈಶ್ವರಯ್ಯನೋ ಪೇಟೆ ಬೀದಿಯ ಜವಳಿ ಅಂಗಡಿಯ ಗುಮಾಸ್ತ! ಗೌರಿ ಹಬ್ಬ ಹತ್ತಿರ ಬಂತೆಂದರೆ ಊರಿನ ಅಣ್ಣತಮ್ಮಂದಿರೆಲ್ಲ ಅವನ ಮುಂದೆ ಕೂತು, “ನಮ್ಮಕ್ಕನಿಗೆ ಒಪ್ಪೋ ಬಣ್ಣ ನೀನೇ ಆರ್ಸಪ್ಪ” ಅನ್ನುತ್ತಿದ್ದರು. ಅವನು ಆರಿಸಿ, ಕೊಡವಿ ತೋರಿಸಿ, ಮಡಿಸಿ ಕೊಡುತ್ತಿದ್ದ. ಹಬ್ಬದ ಹಿಂದಿನ ಸಂಜೆ ಕಪಾಟು ಬರಿದಾದ ಮೇಲೆ, “ಅಯ್ಯೋ, ನಮ್ಮಕ್ಕನಿಗೆ!” ಎಂದು ನೆನಪಾಗುತ್ತಿತ್ತು. ಬರೋ ವರ್ಷ ಕಳಿಸಿದರಾಯಿತು ಎಂದುಕೊಂಡು ಅಂಗಡಿಗೆ ಬೀಗ ಹಾಕುತ್ತಿದ್ದ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವುದು ಇಂಥವರನ್ನೇ. ಮದುವೆಯಾಗಿ ಹೋದ ಅಕ್ಕನಿಗೆ ಒಂದು ಗೌರಿ ಹಬ್ಬಕ್ಕೂ ಅವನ ಕೈಯಿಂದ ಸೀರೆ ಹೋಗಿರಲಿಲ್ಲ. ಅವಳೂ ಒಂದು ದಿನ ಬಾಯಿಬಿಟ್ಟು ಕೇಳಿದವಳಲ್ಲ.

ಈಗ ಒಯ್ಯೋಣವೆಂದರೆ ಎರಡನೆಯ ಮಹಾಯುದ್ಧ. ಬಟ್ಟೆಗೆ ಕಂಟ್ರೋಲು ಬಂದು ಅಂಗಡಿಯ ಕಪಾಟಿನಲ್ಲಿ ಜಿರಲೆಗಳಷ್ಟೇ ಉಳಿದಿದ್ದವು. ಅಂಗಡಿಯ ಸಾಹುಕಾರರ ಕಾಲು ಹಿಡಿದ ಮೇಲೆ, ತಮ್ಮ ಮಗಳಿಗೆಂದು ಒಳಕೋಣೆಯಲ್ಲಿ ಬಚ್ಚಿಟ್ಟಿದ್ದ ಸೀರೆಯನ್ನು ತಂದು ಕೊಟ್ಟರು. ಗಿಳಿಹಸಿರು ಒಡಲು, ಅರಿಸಿನ ಬಣ್ಣದ ಅಂಚು. ಅಷ್ಟು ವರ್ಷ ಸೀರೆ ಮಡಿಸಿದ ಈಶ್ವರಯ್ಯ ಅದನ್ನು ಎರಡು ಸಲ ಬಿಚ್ಚಿ ಮತ್ತೆ ಮಡಿಸಿದ.

“ಗಾಬರಿ ಬೀಳಬೇಡ ಕಣಯ್ಯ,” ಎಂದರು ಸಾಹುಕಾರರು. “ತವರಿನ ಸೀರೆ ಬರೋವರೆಗೂ ಅವರು ಹೆಣ ಮುಟ್ಟೋ ಹಾಗಿಲ್ಲ. ಇದು ನಿನ್ನ ಕೈಲಿರೋವರೆಗೂ ನಿಮ್ಮಕ್ಕ ನಿನಗೋಸ್ಕರ ಕಾಯ್ತಾಳೆ.”

ಆ ಮಾತೊಂದನ್ನು ಧೈರ್ಯಕ್ಕಿಟ್ಟುಕೊಂಡು ಈಶ್ವರಯ್ಯ ಗಂಟು ಕಟ್ಟಿ ಬಸ್ಸಿಗೆ ಓಡಿದ.

ಬಸ್ಸು ಎಂದೆನಲ್ಲ, ಅದರ ಸಂಗತಿಯನ್ನೂ ಹೇಳಬೇಕು. ಪೆಟ್ರೋಲನ್ನೆಲ್ಲ ಯುದ್ಧವೇ ಕುಡಿದು ಮುಗಿಸಿದ್ದ ಕಾಲ ಅದು. ಬಸ್ಸಿನ ಬೆನ್ನಿಗೆ ಆಳೆತ್ತರದ ಕಬ್ಬಿಣದ ಪೀಪಾಯಿ ಕಟ್ಟಿ, ಅದರೊಳಗೆ ಇದ್ದಿಲು ತುಂಬಿ ಬೆಂಕಿ ಹಾಕಿ, ಗಾಳಿ ಊದುವ ಚಕ್ರವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಅದರಿಂದ ಹುಟ್ಟಿದ ಗ್ಯಾಸು ಒಂದು ಬಟ್ಟೆಯಲ್ಲಿ ಸೋಸಿಕೊಂಡು ಎಂಜಿನ್ನಿಗೆ ಹೋಗುತ್ತಿತ್ತು. ಟಿಕೆಟ್ಟು ಕೊಂಡವರು ಚಕ್ರ ತಿರುಗಿಸಬೇಕು, ಏರಿನಲ್ಲಿ ಇಳಿದು ತಳ್ಳಬೇಕು, ಇಳಿಜಾರಿನಲ್ಲಿ ಮನೆದೇವರನ್ನು ನೆನೆಯಬೇಕು. ಮಿಕ್ಕಿದ್ದನ್ನೆಲ್ಲ ಬಸ್ಸೇ ನೋಡಿಕೊಳ್ಳುತ್ತಿತ್ತು.

ಅವತ್ತು ಬಾಗೂರು ಸಂತೆಯಾದ್ದರಿಂದ ಬಸ್ಸು ಚನ್ನರಾಯಪಟ್ಟಣ ದಾಟಿ ಅಲ್ಲಿಯವರೆಗೂ ಹೋಗುವುದಿತ್ತು. ಡ್ರೈವರ್ ಪಾಲಾಕ್ಷ ಪೀಪಾಯಿಯ ಬಾಯಿಗೆ ಮುಖವಿಟ್ಟು ಊದುತ್ತಿದ್ದ.

“ಬಾಗೂರಿಗೆ ಎಷ್ಟೊತ್ತಿಗೆ ಓಯ್ತೀವಿ ಪಾಲಾಕ್ಷಣ್ಣ? ನಮ್ಮಕ್ಕ ತೀರ್ಕೊಂಡವ್ಳೆ. ಇವತ್ತೇ ಮಣ್ಣು.”

“ಮಧ್ಯಾನ್ದೊಳ್ಗೆ ಓಯ್ತೀವಿ ಈಸ್ವರಯ್ನೋರೆ, ಬೆಂಕಿ ಮನಸ್ಸು ಮಾಡುದ್ರೆ. ಬನ್ನಿ, ಒಸಿ ಚಕ್ರ ತಿರುಗ್ಸಿ.”

ಈಶ್ವರಯ್ಯ ಗಂಟನ್ನು ಕಂಕುಳಲ್ಲಿ ಅವುಚಿಕೊಂಡೇ ಚಕ್ರ ತಿರುಗಿಸಿದ. ಹಣೆಯ ವಿಭೂತಿ ಬೆವರಿನಲ್ಲಿ ಕರಗಿ, ಅದರ ಜಾಗದಲ್ಲಿ ಮಸಿ ಕೂತಿತು. ಅಷ್ಟರಲ್ಲಿ ಬಸ್ಸಿನವರಿಗೆಲ್ಲ ಸುದ್ದಿ ತಿಳಿದಿತ್ತು. ಸಾವಿನ ಮನೆಗೆ ಹೊರಟವನು ಸಿಕ್ಕಿದರೆ ಬುದ್ಧಿ ಹೇಳದೆ ಸುಮ್ಮನಿರುವ ಜನ ನಮ್ಮ ಜಿಲ್ಲೆಯಲ್ಲಿ ಹುಟ್ಟಿಲ್ಲ.

“ಸೀರೆ ಐತಾ ಅಣ್ಣ?” ಎಂದು ಮೊದಲು ಕೇಳಿದವಳು ಹೊನ್ನಕ್ಕ. ತೆಂಗಿನ ಕರಟಕ್ಕೆ ಬಿದಿರಿನ ಹಿಡಿ ಹಾಕಿ ಸೌಟು ಮಾಡಿ ಸಂತೆಯಲ್ಲಿ ಮಾರುವುದು ಅವಳ ಕಸುಬು. ಒಂದು ಕುಕ್ಕೆ ತುಂಬ ಸೌಟು ತಂದಿದ್ದಳು. “ಐತಲ್ಲ, ಮತ್ಯಾಕ್ ಎದ್ರುತೀರಿ? ಅದು ಬರ್ದೆ ಅವ್ರು ಎಂಗ್ ಎತ್ತಾರು?”

“ಶಾಸ್ತ್ರವೇ ಹಾಗಿದೆಯಲ್ಲ,” ಎಂದರು ಮುಂದಿನ ಸೀಟಿನಿಂದ ಯೋಗಾನರಸಿಂಹ ಮೇಷ್ಟ್ರು. ಅವರು ಮಿಡ್ಲ್ ಸ್ಕೂಲಿನಲ್ಲಿ ಪಾಠ ಹೇಳುವವರು. ಪ್ರಪಂಚದಲ್ಲಿ ಯಾವ ವಿಷಯ ಬಂದರೂ ಅವರ ಬಳಿ ಒಂದು ವಾಕ್ಯ ಸಿದ್ಧವಾಗಿರುತ್ತಿತ್ತು. ಎರಡನೆಯ ವಾಕ್ಯ ಇರುತ್ತಿರಲಿಲ್ಲ.

ಬಸ್ಸು ಹೊರಟಿತು. ಊರು ಬಿಟ್ಟು ಮೊದಲ ಏರು ಬಂದಾಗ ಎಲ್ಲರೂ ಇಳಿದು ತಳ್ಳಿದರು. ಎರಡನೆಯ ಏರಿನಲ್ಲೂ ತಳ್ಳಿದರು. ಆಮೇಲೆ ಏರೇ ಇಲ್ಲದ ಕಡೆಯೂ ತಳ್ಳಬೇಕಾಗಿ ಬಂದಾಗ ಮೇಷ್ಟ್ರಿಗೆ ಅನುಮಾನ ಬಂತು. ಪಾಲಾಕ್ಷ ಪೀಪಾಯಿಯ ಮುಚ್ಚಳ ತೆಗೆದು ನೋಡಿದ. ಇದ್ದಿಲು ಮುಗಿದಿತ್ತು. ಮೇಲಿಂದ ಇನ್ನೊಂದು ಮೂಟೆ ಇಳಿಸಿ ಸುರಿದರೆ, ಮೇಲಷ್ಟು ಇದ್ದಿಲು, ಅದರ ಕೆಳಗೆಲ್ಲ ಕಲ್ಲು.

“ಇದ್ದಿಲು ಮಾರಿದ ನನ್ಮಗನ್ ಮನೆ ಆಳಾಗ!” ಎಂದು ಪಾಲಾಕ್ಷ ತಲೆಯ ಮೇಲೆ ಕೈಹೊತ್ತುಕೊಂಡು ರಸ್ತೆಯಲ್ಲೇ ಕೂತುಬಿಟ್ಟ. ಅತ್ತಲಾಗೆ ಹೊಳೆನರಸೀಪುರವೂ ದೂರ, ಇತ್ತಲಾಗೆ ಚನ್ನರಾಯಪಟ್ಟಣವೂ ದೂರ. ಈಶ್ವರಯ್ಯ ಒಮ್ಮೆ ಬಿಸಿಲನ್ನು ನೋಡಿದ, ಒಮ್ಮೆ ಗಂಟನ್ನು ನೋಡಿದ.

“ನಡ್ಕೊಂಡೇ ಓಯ್ತೀನಿ,” ಎಂದ.

“ನಡ್ಕೊಂಡು ಓದ್ರೆ ತಿಥಿ ಒತ್ಗೆ ಓಯ್ತೀರಿ. ಕೂತ್ಕಳಿ ಸುಮ್ಕೆ,” ಎಂದಳು ಹೊನ್ನಕ್ಕ.

ಆಗ ಮೇಷ್ಟ್ರು ತಮ್ಮ ಬೆತ್ತವನ್ನು ನೆಲಕ್ಕೆ ಕುಟ್ಟಿದರು. “ಏನಯ್ಯ ಪಾಲಾಕ್ಷ, ಇದ್ದಿಲು ಎಂದರೇನು? ಸುಟ್ಟ ಮರ. ಸೆಗಣಿ ಎಂದರೇನು? ಹಸು ತಿಂದ ಹುಲ್ಲು. ಮರವೂ ಮಣ್ಣಿನಲ್ಲಿ ಬೆಳೆದದ್ದೇ, ಹುಲ್ಲೂ ಬೆಳೆದದ್ದೇ. ಎರಡರಲ್ಲೂ ಇರುವುದು ಒಂದೇ ಸೂರ್ಯನ ಶಾಖ. ಸೆಗಣಿಯಲ್ಲಿ ಮೋಟಾರು ಓಡಿಸುವ ಕಾಲ ಬಂದೇ ಬರುತ್ತೆ, ನೋಡ್ತಿರು.”

ಇದು ಒಂದು ವಾಕ್ಯಕ್ಕಿಂತ ಹೆಚ್ಚಾಗಿತ್ತು. ಎಲ್ಲರೂ ಬೆರಗಾದರು.

“ಬರೋ ಕಾಲ ಇವತ್ತೇ ಬಂದ್ಬುಡ್ಲಿ ಸಾ!” ಎಂದು ಪಾಲಾಕ್ಷ ಎದ್ದೇ ಬಿಟ್ಟ.

ಹೊಲದ ಬದಿಯಲ್ಲಿ ಯಾರೋ ಬೆರಣಿ ಒಟ್ಟಿದ್ದರು. ಗಂಡಸರು ಅದನ್ನು ತಂದರು. ಒಬ್ಬ ರಾಗಿಹುಲ್ಲು ತಂದ, ಇನ್ನೊಬ್ಬ ಹರಳುಗಿಡದ ಒಣಕಡ್ಡಿ ಮುರಿದು ತಂದ. ಕಣ್ಣಿಗೆ ಕಂಡದ್ದೆಲ್ಲ ಪೀಪಾಯಿಯ ಬಾಯಿಗೆ ಹೋಯಿತು. ಆದರೂ ಬೆಂಕಿ ಮುಲುಗುತ್ತಿತ್ತೇ ಹೊರತು ಎದ್ದು ಕೂರಲಿಲ್ಲ. ಪಾಲಾಕ್ಷನ ಕಣ್ಣು ಹೊನ್ನಕ್ಕನ ಕುಕ್ಕೆಯ ಮೇಲೆ ಬಿತ್ತು. ಕರಟದ ಬೆಂಕಿಗೆ ಸಮಾನವಾದ ಬೆಂಕಿ ಇಲ್ಲ ಅನ್ನುವುದು ನೀರೊಲೆ ಉರಿಸಿದವರಿಗೆಲ್ಲ ಗೊತ್ತು.

“ನೋಡ್ಬ್ಯಾಡ,” ಎಂದಳು ಹೊನ್ನಕ್ಕ. “ಒಂದೊಂದು ಸೌಟ್ಗೂ ನನ್ ಬೆರ್ಳು ಸವ್ದದೆ. ನನ್ ಸಂತೆ ಕಣ್ಲಾ ಇದು.”

ಹೊನ್ನಕ್ಕ ಈಶ್ವರಯ್ಯನ ಕಡೆ ತಿರುಗಿದಳು. ಅವನು ಗಂಟನ್ನು ಎದೆಗೊತ್ತಿಕೊಂಡು ರಸ್ತೆಯ ಉದ್ದಕ್ಕೂ ನೋಡುತ್ತ ನಿಂತಿದ್ದ. ಹೆಂಗಸು ಮೂಗು ಸೀದಿಕೊಂಡಳು. “ನಂಗೂ ಒಬ್ಬ ತಮ್ಮ ಇದ್ದ ಕಣಣ್ಣ. ತಗೊ, ಆಕು,” ಎಂದು ಕುಕ್ಕೆಯನ್ನೇ ಪಾಲಾಕ್ಷನ ಮುಂದೆ ತಳ್ಳಿದಳು. ಅದನ್ನು ನೋಡಿ ಮೇಷ್ಟ್ರೂ ನಾಚಿಕೊಂಡು ತಮ್ಮ ಬೆತ್ತವನ್ನು ಮುರಿದು ಹಾಕಿದರು. ಆ ಬೆತ್ತದ ರುಚಿ ಕಂಡಿದ್ದ ಹಳೆಯ ಶಿಷ್ಯನೊಬ್ಬ ಹಿಂದಿನಿಂದ ಚಪ್ಪಾಳೆ ತಟ್ಟಿದ.

ಬಸ್ಸು ಕೆಮ್ಮಿತು, ಸೀನಿತು, ಒಂದು ಸಲ ಹಿಂದಕ್ಕೆ ಜಗ್ಗಿ ಆಮೇಲೆ ಓಡಿತು. ಅಂಥಿಂಥ ಓಟವಲ್ಲ, ಮುಂದೆ ಹೋಗುತ್ತಿದ್ದ ಎತ್ತಿನ ಗಾಡಿಯೊಂದನ್ನು ಹಿಂದೆಹಾಕಿತು. “ನೋಡಿದಿರಾ? ನೋಡಿದಿರಾ?” ಎಂದು ಮೇಷ್ಟ್ರು ಕಿಟಕಿಯಿಂದ ತಲೆ ಹೊರಗೆ ಹಾಕಿ ಗಾಡಿಯವನಿಗೂ ಕೂಗಿ ಹೇಳಿದರು. ಈಶ್ವರಯ್ಯನ ಮುಖದಲ್ಲಿ ಅವತ್ತು ಮೊದಲ ಸಲ ಸ್ವಲ್ಪ ಕಳೆ ಬಂತು. ಬಂದೆ ಅಕ್ಕಾ, ಬಂದೆ ಎಂದು ಒಳಗೊಳಗೇ ಹೇಳಿಕೊಂಡ.

ಸೆಗಣಿಯ ಕಾಲ ಎರಡು ಮೈಲಿ ನಡೆದು ಮುಗಿಯಿತು. ಬಸ್ಸಿನೊಳಗೆಲ್ಲ ಹೊಗೆ ತುಂಬಿ, ಎಂಜಿನ್ನು ದೊಡ್ಡ ತೇಗು ಬಿಟ್ಟು ನಿಂತಿತು. ಪಾಲಾಕ್ಷ ಗ್ಯಾಸು ಸೋಸುವ ಡಬ್ಬ ಬಿಚ್ಚಿದ. ಹಸಿಬೆರಣಿಯ ಹೊಗೆ, ಹುಲ್ಲಿನ ಬೂದಿ ಎಲ್ಲ ಅದರೊಳಗಿನ ಬಟ್ಟೆಗೆ ಅಂಟಿ, ಕಿಡಿ ಹಾರಿ, ಬಟ್ಟೆ ಸುಟ್ಟು ತೂತಾಗಿತ್ತು. ಕೈಗೆತ್ತಿಕೊಂಡರೆ ಹಪ್ಪಳದಂತೆ ಪುಡಿಯಾಯಿತು.

“ಬೆಂಕಿ ಚೆನ್ನಾಗೈತೆ. ಕರಟ ಇನ್ನೂ ನಿಗಿನಿಗಿ ಅಂತದೆ. ಆದ್ರೆ ಸೋಸಕ್ಕೆ ಬಟ್ಟೆ ಇಲ್ದೆ ಬುಟ್ರೆ ಎಂಜಿನ್ ಸತ್ತೋಯ್ತದೆ,” ಎಂದ ಪಾಲಾಕ್ಷ. “ಗಟ್ಟಿ ಬಟ್ಟೆ ಬೇಕು. ಉದ್ದುಕ್ಕೆ ಇರ್ಬೇಕು, ಮಡ್ಸಿ ಮಡ್ಸಿ ಆಕಕ್ಕೆ.”

ಕಂಟ್ರೋಲಿನ ಕಾಲದಲ್ಲಿ ಕೇಳುವ ಮಾತೇ ಅದು? ಗಂಡಸರೆಲ್ಲ ತಂತಮ್ಮ ಪಂಚೆಯ ಗಂಟನ್ನು ಬಿಗಿಮಾಡಿಕೊಂಡರು. ಮೇಷ್ಟ್ರು ಉತ್ತರೀಯವನ್ನು ತೆಗೆದುಕೊಟ್ಟರು. ಅದರ ತುಂಬ ಆಗಲೇ ಇದ್ದ ತೂತುಗಳನ್ನು ನೋಡಿ ಪಾಲಾಕ್ಷ ಭಕ್ತಿಯಿಂದ ಹಿಂದಕ್ಕೆ ಕೊಟ್ಟ. ಹೊನ್ನಕ್ಕ, “ನಂಗಿರೋದು ಮೈಮ್ಯಾಲಿರೋದೊಂದೇ ಕಣ್ಲಾ,” ಎಂದಳು. ಆಮೇಲೆ ಒಬ್ಬೊಬ್ಬರ ಕಣ್ಣೂ ಈಶ್ವರಯ್ಯನ ಗಂಟಿನ ಮೇಲೆ ಬಂದು ನಿಂತಿತು.

“ಊಂಹೂಂ,” ಎಂದ ಈಶ್ವರಯ್ಯ. “ಇದ ಮಾತ್ರ ಕೇಳ್ಬ್ಯಾಡಿ. ಒಂದು ಸೀರೇನೂ ಕೊಟ್ಟಿಲ್ಲ ನಾನು ನಮ್ಮಕ್ಕನ್ಗೆ. ಇದೊಂದೇ.”

“ಸರಿ ಕಣಪ್ಪ, ಇಲ್ಲೇ ಕೂತ್ಕೊಂಡು ಸೀರೆ ಕಾದ್ರೆ ಮುಖ ಸಿಗ್ತದಾ?” ಎಂದ ಪಾಲಾಕ್ಷ. ಮಾತು ಒರಟಾಗಿತ್ತು, ದನಿ ಒರಟಾಗಿರಲಿಲ್ಲ.

ಈಶ್ವರಯ್ಯ ಹೊನ್ನಕ್ಕನ ಖಾಲಿ ಕುಕ್ಕೆಯನ್ನು ನೋಡಿದ. ಬಿಸಿಲು ನೆತ್ತಿ ದಾಟಿ ವಾಲುತ್ತಿತ್ತು. ಸೀರೆ ಇದ್ದೂ ಮುಖ ಇಲ್ಲವಾದರೆ ಸೀರೆ ಯಾರಿಗೆ? ಸೀರೆ ಕೆಟ್ಟರೂ ಮುಖ ಸಿಕ್ಕರೆ ಕಾಲು ಹಿಡಿದು ತಪ್ಪಾಯಿತೆಂದಾದರೂ ಹೇಳಬಹುದು. ಅವನು ಗಂಟು ಬಿಚ್ಚಿದ. ಗಿಳಿಹಸಿರು ಬಿಸಿಲಿಗೆ ಹೊಳೆಯಿತು. ಹೊನ್ನಕ್ಕ “ಅಯ್ಯೋ ಶಿವನೇ” ಎಂದಳು. ಪಾಲಾಕ್ಷನ ಮಸಿಗೈಗೆ ಕೊಡಲು ಮನಸ್ಸು ಬರದೆ ಈಶ್ವರಯ್ಯ ತಾನೇ ಅದನ್ನು ಮಡಿಸಿದ. ಅಂಚು ಅಂಚಿಗೆ ಸೇರಿಸಿ, ಅಂಗಡಿಯಲ್ಲಿ ಗಿರಾಕಿಗೆ ಮಡಿಸಿಕೊಡುವಷ್ಟೇ ಅಚ್ಚುಕಟ್ಟಾಗಿ ಮಡಿಸಿ, ಡಬ್ಬದೊಳಗೆ ಇಟ್ಟ. ಚಕ್ರವನ್ನೂ ತಾನೇ ತಿರುಗಿಸಿದ.

ಬಸ್ಸು ಹೊರಟಿತು. ಆಮೇಲೆ ಯಾರೂ ಬುದ್ಧಿ ಹೇಳಲಿಲ್ಲ. ಚನ್ನರಾಯಪಟ್ಟಣದಲ್ಲಿ ಇದ್ದಿಲು ಸಿಕ್ಕಿತು, ಸೋಸಲು ಬೇರೆ ಬಟ್ಟೆ ಸಿಗಲಿಲ್ಲ. ಬಟ್ಟೆ ಅಂಗಡಿಯವರು ಈಶ್ವರಯ್ಯನಿಗೆ ತಮ್ಮ ಖಾಲಿ ಕಪಾಟು ತೋರಿಸಿದರು. ಅವನಿಗೆ ಅದು ಹೊಸ ನೋಟವೇನಲ್ಲ. ಸೀರೆ ಡಬ್ಬದಲ್ಲೇ ಉಳಿದು ಬಾಗೂರಿನವರೆಗೂ ಬಸ್ಸನ್ನು ಎಳೆಯಿತು.

ಬಾಗೂರು ಮುಟ್ಟಿದಾಗ ಸಂತೆ ಮುಗಿದು ಏಳುತ್ತಿತ್ತು. ಹೊತ್ತು ಇಳಿದಿತ್ತು, ಮುಳುಗಿರಲಿಲ್ಲ. ಪಾಲಾಕ್ಷ ಡಬ್ಬ ಬಿಚ್ಚಿ ಸೀರೆಯನ್ನು ಹೊರಗೆ ತೆಗೆದ. ಎಲ್ಲಿ ಒಡಲು, ಎಲ್ಲಿ ಅಂಚು ಎಂದು ಹೇಳುವಂತಿರಲಿಲ್ಲ. ಕೆರೆಯ ನೀರಿಗೆ ಅದ್ದಿದರೆ ಮಸಿ ಇನ್ನಷ್ಟು ಒಳಗಿಳಿಯಿತು. ಈಶ್ವರಯ್ಯ ಹಿಂಡಿ, ಕೊಡವಿ, ಮತ್ತೆ ಗಂಟು ಕಟ್ಟಿದ.

“ಅಂಗೇ ತಗೊಂಡೋಗಣ್ಣ,” ಎಂದಳು ಹೊನ್ನಕ್ಕ. “ಮಸಿಯಾದ್ರೂ ತವರಿಂದೇ ಅಲ್ವಾ? ನಿಮ್ಮಕ್ಕ ಏನೂ ಅಂದ್ಕೊಳಲ್ಲ.”

ಈಶ್ವರಯ್ಯ ಓಡಿದ. ಓಡುತ್ತಲೇ ಹೇಳಬೇಕಾದ ಮಾತನ್ನು ಕಟ್ಟಿಕೊಂಡ. ಭಾವನ ಕಾಲಿಗೆ ಬೀಳುವುದು, ಊರಿನವರು ಬಯ್ದರೆ ಬಯ್ಯಿಸಿಕೊಳ್ಳುವುದು, ಬೇರೆ ಯಾರ ಮನೆಯಿಂದಲಾದರೂ ಒಂದು ಸೀರೆ ಬೇಡಿ ತರುವುದು. ಅಷ್ಟರಲ್ಲಿ ಅಕ್ಕನ ಮುಖ ಕಣ್ತುಂಬ ನೋಡಿಬಿಡುವುದು. ಕಾಯುತ್ತಿರುತ್ತಾರೆ, ಕಾಯದೆ ಏನು ಮಾಡುತ್ತಾರೆ, ಸೀರೆ ಬಂದಿಲ್ಲವಲ್ಲ.

ಮನೆಯ ಅಂಗಳವನ್ನು ಸಾರಿಸಿದ್ದರು. ಜಗಲಿಯ ಮೇಲೆ ಗಂಡಸರು ತಲೆಗೆ ನೀರು ಹಾಕಿಕೊಂಡು ಬಂದು ಒದ್ದೆಗೂದಲಲ್ಲಿ ಕೂತಿದ್ದರು. ಬಾಗಿಲಿನಿಂದಾಚೆ, ಹೆಣ ಕೂರಿಸಿದ್ದ ಜಾಗದಲ್ಲಿ ಒಂದು ದೀಪ ಉರಿಯುತ್ತಿತ್ತು. ಈಶ್ವರಯ್ಯನ ಕಾಲು ಅಂಗಳದಲ್ಲೇ ನಿಂತಿತು.

“ಬಂದ್ಯಾ ಈಸ್ವರ,” ಎಂದು ಭಾವ ಪಂಚಾಕ್ಷರಯ್ಯ ಎದ್ದು ಬಂದರು. ಮಸಿ ಹಿಡಿದ ಮುಖವನ್ನು ಕಂಡು ಗುರುತು ಹಿಡಿಯಲು ಅವರಿಗೆ ಒಂದು ಗಳಿಗೆ ಬೇಕಾಯಿತು. “ಎಲ್ಲಾ ಆಯ್ತಪ್ಪ. ಪೂಜೆ ಮಾಡ್ಸೋ ಅಯ್ನೋರು ಇನ್ನೊಂದೂರ್ಗೆ ಓಗ್ಬೇಕಿತ್ತು. ಈಗ್ತಾನೆ ಮಣ್ಣು ಮಾಡಿ ಬಂದೊ.”

“ಆಯ್ತಾ?” ಎಂದ ಈಶ್ವರಯ್ಯ. ಬೆಳಗಿನಿಂದ ಯಾರ ಮೇಲೂ ಸಿಟ್ಟು ಮಾಡಿಕೊಳ್ಳದವನಿಗೆ ಎಲ್ಲಿತ್ತೋ ಸಿಟ್ಟು ಬಂತು. “ತವರಿನ್ ಸೀರೆ ಬರ್ದೆ ಎಂಗ್ ಎತ್ತಿದ್ರಿ ಭಾವ? ಯಾವೂರ್ ನ್ಯಾಯ ಇದು? ಸೀರೆ ಬರೋಗಂಟ ಕಾಯ್ಬಾರ್ದಿತ್ತಾ?”

ಜಗಲಿಯ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದುಃಖಕ್ಕೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಪಕ್ಕದ ಮನೆಯ ಮಾದಮ್ಮ ಹತ್ತಿರ ಬಂದು ಸಮಾಧಾನದ ದನಿಯಲ್ಲಿ ಹೇಳಿದಳು.

“ಇದೇನಣ್ಣ ಇಂಗಂತೀರಿ? ನೀವ್ ಕಳ್ಸಿದ್ ಸೀರೇನೇ ಅಲ್ವಾ ಒದ್ಸಿದ್ದು! ಓದ್ ತಿಂಗ್ಳೇ ಪೆಟ್ಗೆಯಿಂದ ತಗ್ದು ತೋರ್ಸಿದ್ರು. ‘ಮಾದಮ್ಮ, ನಂಗೇನಾದ್ರೂ ಆದ್ರೆ ಇದ ಒದ್ಸಿ. ನನ್ ತಮ್ಮ ಮುಂಚೇನೇ ಕಳ್ಸವ್ನೆ. ಅವನ್ಗೆ ಅಂಗ್ಡಿ ಬುಟ್ಟು ಬರಕ್ಕಾಗಲ್ಲ. ಅವನ್ಗೋಸ್ಕರ ಕಾಯ್ಬ್ಯಾಡಿ, ಬರ್ನಿಲ್ಲ ಅಂತ ಯಾರೂ ಆಡ್ಕ್ಯಬ್ಯಾಡಿ’ ಅಂದಿದ್ರು.”

ಈಶ್ವರಯ್ಯ ಕೈಯಲ್ಲಿದ್ದ ಗಂಟನ್ನು ನೋಡಿಕೊಂಡ.

“ಇದೊಂದಾ?” ಎಂದರು ಪಂಚಾಕ್ಷರಯ್ಯ, ಜಗಲಿಯವರ ಕಡೆ ತಿರುಗಿ. “ಗೌರಿ ಅಬ್ಬ ಬಂತು ಅಂದ್ರೆ ತಪ್ದಂಗೆ ಇವ್ನ ಸೀರೆ ಬಂದಿರೋದು. ಇವಳು ಚನ್ನರಾಯಪಟ್ಟಣದ ಸಂತೆಗೆ ಬೆಣ್ಣೆ ತಗೊಂಡೋದೋಳು, ‘ತಮ್ಮ ಬಸ್ನೋರ್ ಕೈಲಿ ಕಳ್ಸಿದ್ದ’ ಅಂತ ತಗೊಂಡ್ ಬರೋಳು. ಉಟ್ಕೊಂಡು ಬೀದಿಯೋರ್ಗೆಲ್ಲ ತೋರ್ಸಿದ್ದೇ ತೋರ್ಸಿದ್ದು.”

“ಬಣ್ಣ ಆರ್ಸದ್ರಲ್ಲಿ ಎತ್ತಿದ್ ಕೈ ನನ್ ತಮ್ಮಂದು ಅನ್ನೋರು,” ಎಂದಳು ಮಾದಮ್ಮ.

ಈಶ್ವರಯ್ಯನಿಗೆ ಎಲ್ಲವೂ ತಿಳಿಯಿತು. ಬೆಣ್ಣೆ ಮಾರಿ, ಯಾವುದೋ ಅಂಗಡಿಯಲ್ಲಿ ತನ್ನ ಸೀರೆಯನ್ನು ತಾನೇ ಆರಿಸಿಕೊಂಡು, ಅದಕ್ಕೆ ತಮ್ಮನ ಹೆಸರಿಟ್ಟುಕೊಂಡು ಮನೆಗೆ ಬರುತ್ತಿದ್ದ ಅಕ್ಕ ಕಣ್ಣಿಗೆ ಕಟ್ಟಿದಳು. ಅವನ ಮಾನ ಉಳಿಸಲು ಅವಳು ಆಡಿದ ಸುಳ್ಳೇ ಅವಳ ಮುಖವನ್ನು ಅವನಿಗೆ ತಪ್ಪಿಸಿತ್ತು. ಸೀರೆ ಕಳಿಸದ ತಮ್ಮನೆಂದು ಊರಿಗೆ ಗೊತ್ತಿದ್ದಿದ್ದರೆ, ಬೈದುಕೊಂಡಾದರೂ ಊರು ಅವನಿಗಾಗಿ ಕಾದಿರುತ್ತಿತ್ತು. ನಿಜ ಹೇಳಿಬಿಡೋಣವೆನ್ನಿಸಿತು. ಹೇಳಿದರೆ ಮಣ್ಣಿಗೆ ಹೋದ ದಿನವೇ ಅಕ್ಕ ಸುಳ್ಳಿಯಾಗುತ್ತಾಳೆ. ಅವನು ತಲೆ ತಗ್ಗಿಸಿ, ಹೌದೆನ್ನುವಂತೆ ಆಡಿಸಿದ.

“ಬನ್ನಿ, ಮುಖ ತೊಳ್ಕಳಿ,” ಎಂದು ಮಾದಮ್ಮ ಗಂಟಿಗೆ ಕೈಚಾಚಿದಳು. ಅದರಿಂದ ಕಪ್ಪು ನೀರು ತೊಟ್ಟಿಕ್ಕುತ್ತಿತ್ತು. “ಏನಣ್ಣ ಇದ್ರಲ್ಲಿ?”

“ಇದ್ದಿಲು,” ಎಂದ ಈಶ್ವರಯ್ಯ.

“ಇದ್ದಿಲಾ? ಕೊಡಿ, ಒಲೆತಾವ್ ಇಡ್ತೀನಿ.”

ಅವನು ಕೊಡಲಿಲ್ಲ. ಎರಡೂ ಕೈಯಲ್ಲಿ ಗಂಟನ್ನು ತಬ್ಬಿಕೊಂಡು, ಸಾರಿಸಿದ ಅಂಗಳದಲ್ಲಿ ಕುಕ್ಕರುಗಾಲಲ್ಲಿ ಕೂತು, ಮಕ್ಕಳ ಹಾಗೆ ಗಟ್ಟಿಯಾಗಿ ಅತ್ತುಬಿಟ್ಟ. ಇಂಥ ತಮ್ಮ ಯಾರಿಗುಂಟು ಎಂದು ಬೀದಿಯ ಹೆಂಗಸರೆಲ್ಲ ಸೆರಗಿನಿಂದ ಕಣ್ಣೊರೆಸಿಕೊಂಡರು.